ಅಕ್ಕನ ಹೆಜ್ಜೆಗೆ ಹದಿನೆಂಟು ಕಲ್ಲು

ದಿನಕ್ಕೆ ನಾಲ್ಕು ಸಲ. ಬೆಳಗ್ಗೆ ಎಂಟೂವರೆಗೆ ಅಕ್ಕನ ಕೈ ಹಿಡಿದು ಹಿಂಬಾಗಿಲಿನಿಂದ ತೋಟದ ಆ ತುದಿಯ ಶೆಡ್ಡಿಗೆ ಬಿಡಬೇಕು. ಒಂದು ಗಂಟೆಗೆ ಲಾಂಡ್ರಿಯಿಂದ ಓಡಿಬಂದು ಊಟಕ್ಕೆ ಒಳಗೆ ಕರೆತರಬೇಕು. ತಟ್ಟೆ ತೊಳೆದಿಟ್ಟು ಮತ್ತೆ ಶೆಡ್ಡಿಗೆ. ಸಂಜೆ ಆರೂವರೆಗೆ ಮತ್ತೆ ಮನೆಗೆ. ಇಷ್ಟೇನಾ, ಮೂವತ್ತು ಅಡಿ ದಾರಿ ತಾನೆ ಅಂತ ನಿಮಗೆ ಅನ್ನಿಸಬಹುದು. ಬನ್ನಿ, ಒಂದು ದಿನ ನಮ್ಮ ಲಾಂಡ್ರಿಯ ಆವಿ ಇಸ್ತ್ರಿಯ ಮುಂದೆ ನಿಂತು ಅರವತ್ತು ಅಂಗಿ, ಇಪ್ಪತ್ತು ಕೋಟು ಒತ್ತಿ, ಊಟದ ಹೊತ್ತಿಗೆ ಎರಡು ಬೀದಿ ಓಡಿ, ವಾಪಸ್ಸೂ ಓಡಿ, ಆಮೇಲೆ ಮಾತಾಡಿ.

ನಾನು ಗೊಣಗುವವಳು. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನನ್ನ ದೂರಬಾರದು. ಅಕ್ಕ ಗೊಣಗುವವಳಲ್ಲ. ಐದು ವರ್ಷದ ಹಿಂದೆ ಅವಳ ಕಣ್ಣು ಮಂಜಾಗೋಕೆ ಶುರುವಾಯಿತು. ಈಗ ಎರಡು ವರ್ಷದಿಂದ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಆದರೂ ಅವಳ ಕೆಲಸ ನಿಂತಿಲ್ಲ. ಅವಳು ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ಕೂತು ಕೂತು ಹರಿದುಹೋದ ಕುರ್ಚಿಗಳನ್ನ ಜನ ತಂದು ಮನೆಯ ಮುಂದೆ ಇಟ್ಟು ಹೋಗುತ್ತಾರೆ, ಹೆಣೆದಾದ ಮೇಲೆ ಅಲ್ಲಿಂದಲೇ ಒಯ್ಯುತ್ತಾರೆ. ಅಕ್ಕ ಹಳೆ ಬೆತ್ತ ಕಿತ್ತು, ಹೊಸ ಎಳೆಗಳನ್ನ ಬಕೆಟ್ಟಿನಲ್ಲಿ ನೆನೆಹಾಕಿ, ಚೌಕಟ್ಟಿನ ತೂತುಗಳನ್ನ ಬೆರಳಲ್ಲೇ ಎಣಿಸಿ, ಉದ್ದ ಎಳೆ, ಅಡ್ಡ ಎಳೆ, ಮೂಲೆ ಎಳೆ ಅಂತ ನೇಯುತ್ತಾ ಕೂರುತ್ತಾಳೆ. ಕಣ್ಣಿದ್ದಾಗ ಎರಡು ದಿನಕ್ಕೆ ಒಂದು ಕುರ್ಚಿ ಮುಗಿಸುತ್ತಿದ್ದಳು. ಈಗಲೂ ಎರಡೇ ದಿನ. ಕಣ್ಣು ಬರೀ ಅಡ್ಡ ಬರ್ತಿತ್ತು ಕಣೇ ಅಂತ ನಗುತ್ತಾಳೆ.

ಈ ಮನೆಯಲ್ಲಿ ನಾವಿಬ್ಬರೇ. ನಾನು ಗಂಡನನ್ನ ಬಿಟ್ಟು ಬಂದವಳು, ಅಕ್ಕ ಗಂಡ ಅನ್ನುವವನನ್ನ ಹತ್ತಿರವೇ ಬಿಟ್ಟುಕೊಳ್ಳದವಳು. ಮನೆಯೊಳಗೆ ಅವಳಿಗೆ ಯಾರೂ ಬೇಡ. ಒಲೆ ಎಲ್ಲಿ, ಚಮಚ ಎಲ್ಲಿ, ಹೊಸಿಲು ಎಷ್ಟು ಎತ್ತರ, ಎಲ್ಲ ಬಾಯಿಪಾಠ. ನಾನು ಕತ್ತರಿ ಹುಡುಕಿ ಮೈ ಪರಚಿಕೊಳ್ಳುವಾಗ ಕೂತಲ್ಲಿಂದಲೇ ಎಲ್ಲಿದೆ ಅಂತ ಹೇಳುವವಳು ಅವಳೇ. ತೊಂದರೆ ಇದ್ದಿದ್ದು ಆ ಮೂವತ್ತು ಅಡಿಯಲ್ಲಿ. ಅಲ್ಲಿ ಬರೀ ಮಣ್ಣು, ಹುಲ್ಲು, ಮರದ ಬೇರು. ನೀರು ಬಿದ್ದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ.

ಎರಡು ತಿಂಗಳ ಹಿಂದೆ ಒಂದು ಸಂಜೆ ನಾನು ಬರುವುದು ಹತ್ತು ನಿಮಿಷ ತಡವಾಯಿತು. ಯಾರದೋ ಮದುವೆಯ ಹನ್ನೆರಡು ಕೋಟು ಅವತ್ತೇ ಹೋಗಬೇಕಿತ್ತು. ಅಕ್ಕ ಕಾದಳು, ಆಮೇಲೆ ಮುಗಿದ ಒಂದು ಕುರ್ಚಿ ಎತ್ತಿಕೊಂಡು ತಾನೇ ಹೊರಟಳು. ನಾನು ಗೇಟು ತೆಗೆಯುವಾಗ ಅವಳು ಕೆಸರಲ್ಲಿ ಬಿದ್ದಿದ್ದಳು. ಎಡಗೈ ಮಣಿಕಟ್ಟು ಮುರಿದಿತ್ತು. ಕುರ್ಚಿಗೆ ಏನೂ ಆಗಿಲ್ಲ ತಾನೆ ಅಂತ ಕೇಳಿದಳು ನೋಡಿ, ಅಲ್ಲೇ ಒಂದು ಬಾರಿಸೋಣ ಅನ್ನಿಸಿತು ನನಗೆ.

ಸುದ್ದಿ ಕೇಳಿದ ತಮ್ಮ ಆ ರಾತ್ರಿಯೇ ಓಡಿಬಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಅವನದು ಊರಿನ ಆ ಕಡೆ, ಮೂರನೇ ಮಹಡಿಯ ಮನೆ. ಲಿಫ್ಟ್ ಇದೆ, ಒಂದು ಕೋಣೆ ಖಾಲಿ ಇದೆ.

"ದೊಡ್ಡಕ್ಕ ನಮ್ಮನೆಗೆ ಬರಲಿ. ಆ ಬೆತ್ತ, ಶೆಡ್ಡು, ಎಲ್ಲ ಸಾಕು. ಆರಾಮಾಗಿ ಕೂತ್ಕೊಂಡಿರಲಿ," ಅಂದ.

"ಕೂತ್ಕೊಂಡು ಏನು ಮಾಡಲೋ?" ಅಂದಳು ಅಕ್ಕ.

"ಏನೂ ಮಾಡೋದು ಬೇಡ ಅಂತಾನೇ ಹೇಳ್ತಿರೋದು."

ಅಕ್ಕ ಅವನು ಹೋದ ಮೇಲೆ ನನ್ನ ಹತ್ತಿರ ಹೇಳಿದಳು. "ಕೈ ಕಟ್ಟಿ ಕೂರಿಸಿದರೆ ನಾನು ಹದಿನೈದು ದಿನ ಬದುಕಲ್ಲ ಕಣೇ. ಕಣ್ಣು ಹೋದಾಗ ಅಳಲಿಲ್ಲ. ಇದಕ್ಕೆ ಅಳ್ತೀನಿ." ನಿಜವಾಗಲೂ ಅತ್ತಳು.

ತಮ್ಮ ಬಿಡಲಿಲ್ಲ, ಕೈ ತೊಳೆದುಕೊಂಡು ಹಿಂದೆ ಬಿದ್ದ. ದಿನಾ ಫೋನು. ಬ್ಯಾಂಡೇಜು ಬಿಚ್ಚಿದ ದಿನ ಕೊನೆಗೊಂದು ಒಪ್ಪಂದ ಆಯಿತು. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಅವನು ಬರುತ್ತಾನೆ. ಅವನ ಕಣ್ಣೆದುರು ಅಕ್ಕ ಕುರ್ಚಿ ಎತ್ತಿಕೊಂಡು, ಯಾರ ಕೈಯೂ ಹಿಡಿಯದೆ, ಹಿಂಬಾಗಿಲಿನಿಂದ ಶೆಡ್ಡಿಗೆ ಹೋಗಿ ತೋರಿಸಬೇಕು. ತೋರಿಸಿದರೆ ಅವನು ಇನ್ನು ಆ ಮಾತು ಎತ್ತುವುದಿಲ್ಲ. ಇಲ್ಲವಾದರೆ ಅವತ್ತೇ ಅಕ್ಕ ಬಟ್ಟೆ ಗಂಟು ಕಟ್ಟಬೇಕು, ಶೆಡ್ಡಿಗೆ ಬೀಗ.

ಹಗ್ಗ ಕಟ್ಟೋಣ ಅಂದೆ ನಾನು. "ಹಗ್ಗ ಹಿಡಿಯೋಕೆ ಕೈ ಎಲ್ಲಿದೆ? ಕುರ್ಚಿ ಹಲ್ಲಲ್ಲಿ ಕಚ್ಕೊಂಡು ಹೋಗಲಾ?" ಅಂದಳು ಅಕ್ಕ. ಸಿಮೆಂಟು ಸುರಿಸೋಣ ಅಂದೆ. ಬೇಡವಂತೆ, ಸಿಮೆಂಟಿನ ಮೇಲೆ ನಿಂತರೆ ತಾನೆಲ್ಲಿದ್ದೀನಿ ಅಂತಲೇ ಗೊತ್ತಾಗಲ್ಲವಂತೆ. ಅವಳಿಗೆ ಬೇಕಾಗಿದ್ದು ಹೆಜ್ಜೆಗೊಂದು ಕಲ್ಲು. ಕಾಲಿಟ್ಟಲ್ಲಿ ಕಲ್ಲು ಸಿಗಬೇಕು, ಎಣಿಸಿಕೊಂಡು ಹೋಗಬೇಕು, ಎಣಿಕೆ ಮುಗಿದ ಕಡೆ ಶೆಡ್ಡಿನ ಬಾಗಿಲು. ದಿಕ್ಕಿಗೆ ಶೆಡ್ಡಿನಲ್ಲಿ ಸದಾ ಕಿರಿಚುವ ರೇಡಿಯೋ ಇದ್ದೇ ಇದೆ. ಕಲ್ಲು ಹಾಸುವವನಿಗೂ ಅವಳೇ ಫೋನು ಮಾಡಿದಳು. ಆತನ ಮನೆಯ ನಾಲ್ಕು ಕುರ್ಚಿ ಅವಳೇ ಹೆಣೆದುಕೊಟ್ಟಿದ್ದಳು.

ಬುಧವಾರ ಬೆಳಗ್ಗೆ ಏಳಕ್ಕೆ ಬರ್ತೀನಿ ಅಂದಿದ್ದ ಆಸಾಮಿ ಬಂದಿದ್ದು ಎಂಟೂ ಹತ್ತಕ್ಕೆ. ಅರವತ್ತು ದಾಟಿದ ಮನುಷ್ಯ. ಗಾಡಿಯಿಂದ ಕಲ್ಲು ಇಳಿಸುವುದನ್ನ ನೋಡಬೇಕಿತ್ತು ನೀವು. ಒಂದು ಇಳಿಸಿ, ಅದನ್ನ ಸವರಿ, ತಿರುಗಿಸಿ, ಇನ್ನೊಂದು ಸಲ ಸವರಿ, ಆಮೇಲೆ ಮುಂದಿನದು. ಒಂದೊಂದು ಕಲ್ಲೂ ಎರಡು ಗೇಣು ಅಗಲ, ಒಂದು ಗೇಣು ಉದ್ದ, ಮೇಲೆ ಒರಟು, ಕೆಳಗೆ ಚಪ್ಪಟೆ. ಅಕ್ಕ ಸದ್ದು ಕೇಳಿಸಿಕೊಂಡೇ ಆತನಿಗೆ ನಿಧಾನಪ್ಪ ಅಂತ ಹೆಸರಿಟ್ಟಳು, ಅದೂ ಎದುರಿಗೇ. ಆತ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಆತನಿಗೆ ಹೊತ್ತು ಬೇಕೇನೋ.

ಆತನ ಕೆಲಸದ ರೀತಿಯೇ ಬೇರೆ. ಟೇಪು ಹಿಡಿಯಲಿಲ್ಲ. ಮರ ಕೊಯ್ಯುವ ಕಡೆಯಿಂದ ಒಂದು ಮೂಟೆ ಹೊಟ್ಟು ತಂದಿದ್ದ. ಅದನ್ನ ಬಾಗಿಲಿನಿಂದ ಶೆಡ್ಡಿನ ತನಕ ಒಂದು ಮೊಳ ಅಗಲಕ್ಕೆ, ಬೆರಳು ದಪ್ಪಕ್ಕೆ ಹರಡಿದ.

"ನಡೆಯೋರು ಇದರ ಮೇಲೆ ಮೂರು ಸಲ ನಡೀಲಿ. ಅವರ ಪಾಡಿಗೆ ಅವರು ಯಾವಾಗಲೂ ಹೇಗೆ ನಡೀತಾರೋ ಹಾಗೆ," ಅಂದ. "ಹೆಜ್ಜೆ ಎಲ್ಲಿ ಬೀಳುತ್ತೋ ಅಲ್ಲಿ ನಾನು ಕಲ್ಲು ಇಡ್ತೀನಿ. ಅಳತೆ ಗಿಳತೆ ನಂಬೋದಿಲ್ಲ ನಾನು."

ಹೇಳಿ, ಗಾಡಿಯಿಂದ ಮರಳು ಇಳಿಸೋಕೆ ಹೊರಗೆ ಹೋದ. ನನಗೆ ಆಗಲೇ ಎಂಟೂ ಮೂವತ್ತೈದು. ಲಾಂಡ್ರಿಯ ಯಜಮಾನಿ ಗಡಿಯಾರದ ಕೆಳಗೇ ಕೂರುವವಳು. ನಾನು ಅಕ್ಕನ ಕೈ ಹಿಡಿದೆ, ಹೊಟ್ಟಿನ ಪಕ್ಕದ ಹುಲ್ಲಿನ ಮೇಲೆ ನಾನು, ಹೊಟ್ಟಿನ ಮೇಲೆ ಅವಳು, ದಿನಾ ಹೋಗುವ ಹಾಗೆ ಹೋದೆವು. ಬಂದೆವು. ಮತ್ತೆ ಹೋದೆವು. ಶೆಡ್ಡಿನಲ್ಲಿ ಅವಳನ್ನ ಕೂರಿಸಿ ನಾನು ಕೆಲಸಕ್ಕೆ ಓಡಿದೆ. ಇದರಲ್ಲಿ ಏನಾದರೂ ತಪ್ಪಿದೆ ಅಂತ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಎರಡು ವರ್ಷದಿಂದ ಆ ದಾರಿಯಲ್ಲಿ ಅವಳ ಕೈ ನನ್ನ ಕೈಯಲ್ಲೇ ಇರುತ್ತಿತ್ತು.

ಬುಧವಾರ ಮರಳು ಇಳಿಸುವುದರಲ್ಲೇ ಮುಗಿಯಿತು. ಗುರುವಾರ, ಶುಕ್ರವಾರ ಎರಡೂ ದಿನ ನಿಧಾನಪ್ಪ ತನ್ನ ಹೆಸರು ಉಳಿಸಿಕೊಂಡ. ಹೆಜ್ಜೆ ಗುರುತಿನ ಮೇಲೆ ಕಲ್ಲಿಡುವುದು, ಅದರ ಸುತ್ತ ಸನಿಕೆಯಲ್ಲಿ ಗೆರೆ ಹಾಕುವುದು, ಕಲ್ಲು ಪಕ್ಕಕ್ಕಿಟ್ಟು ಒಂದು ಗೇಣು ಆಳ ತೋಡುವುದು, ಮಣ್ಣು ಗುದ್ದಿ ಗಟ್ಟಿ ಮಾಡುವುದು, ಮರಳು ಹಾಸುವುದು, ಕಲ್ಲು ಕೂರಿಸುವುದು, ಮರದ ಸುತ್ತಿಗೆಯಲ್ಲಿ ತಟ್ಟುವುದು, ಮೇಲೆ ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆ ಮಧ್ಯಕ್ಕೆ ಬರುವ ತನಕ ಕಣ್ಣು ಕಿರಿದು ಮಾಡಿ ನೋಡುವುದು. ಬರಲಿಲ್ಲವೋ, ಕಲ್ಲು ಮತ್ತೆ ಹೊರಗೆ. ಒಂದೊಂದು ಕಲ್ಲಿಗೆ ಮುಕ್ಕಾಲು ಗಂಟೆ. ಶೆಡ್ಡಿನ ಒಳಗಿಂದ ಅಕ್ಕ ಕೇಳುವಳು, "ನಿಧಾನಪ್ಪನವರೇ, ಎಷ್ಟನೇದು?"

"ಒಂಬತ್ತನೇದು ಅಮ್ಮ."

"ನಾನು ಒಂದು ಕುರ್ಚಿ ಮುಗಿಸಿ ಇನ್ನೊಂದು ಹಿಡಿದೆ."

"ಕುರ್ಚಿ ಮೇಲೆ ಕೂತ್ಕೋತಾರೆ ಅಮ್ಮ. ಇದರ ಮೇಲೆ ನಡೀಬೇಕು."

ನಾನು ಊಟದ ಹೊತ್ತಿಗೆ ಓಡಿಬಂದಾಗಲೆಲ್ಲ ಇದೇ ಸಂಭಾಷಣೆ. ನನಗೆ ನಗುವುದಕ್ಕೂ ತ್ರಾಣ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಅನ್ನ ಕಲಸುತ್ತಾ ಕೂತವಳು ಹಾಗೇ ತೂಕಡಿಸಿಬಿಟ್ಟೆ. ತಟ್ಟೆ ಬಿದ್ದ ಸದ್ದಿಗೆ ಎಚ್ಚರಾಯಿತು. "ಹೋಗು, ಹತ್ತು ನಿಮಿಷ ಮಲಕ್ಕೋ," ಅಂದಳು ಅಕ್ಕ. "ಹತ್ತು ನಿಮಿಷ ಮಲಗಿದರೆ ಹತ್ತು ವರ್ಷ ಏಳಲ್ಲ," ಅಂದು ಎದ್ದೆ. ಅದು ತಮಾಷೆಗೆ ಅಂದಿದ್ದಲ್ಲ.

ಶನಿವಾರ ಸಂಜೆ ಇಪ್ಪತ್ತೊಂದನೇ ಕಲ್ಲು ಕೂತಿತು. ನೋಡೋಕೆ ಏನು ಚೆಂದ! ನೆಲಕ್ಕೆ ಸಮನಾಗಿ, ಮಧ್ಯೆ ಮಧ್ಯೆ ಗೇಣು ಮಣ್ಣು ಬಿಟ್ಟುಕೊಂಡು, ಬಾಗಿಲಿನಿಂದ ಶೆಡ್ಡಿನ ತನಕ ಅಳೆದ ಹಾಗೆ ಸಾಲು. ನಿಧಾನಪ್ಪ ಕೈ ಒರೆಸಿಕೊಂಡು ಮರಕ್ಕೆ ಒರಗಿ ನಿಂತ. ನಾನು ಮೆಟ್ಟಿಲ ಹತ್ತಿರ ನಿಂತೆ. ಅಕ್ಕ ಒಂದು ಹಳೇ ಕುರ್ಚಿ ಎತ್ತಿ ಎದೆಗೆ ಒತ್ತಿಕೊಂಡು ಮೊದಲನೇ ಕಲ್ಲಿನ ಮೇಲೆ ಕಾಲಿಟ್ಟಳು.

"ಒಂದು." ಸರಿಯಾಗಿ ಬಿತ್ತು. "ಎರಡು." ಕಲ್ಲಿನ ಆ ಅಂಚಿಗೆ ಬಿತ್ತು. "ಮೂರು" ಅನ್ನುವಾಗ ಹಿಮ್ಮಡಿ ಮಾತ್ರ ಕಲ್ಲಿಗೆ, ಬೆರಳು ಮಣ್ಣಿಗೆ. ಪಾದ ಮಗುಚಿತು. ಕುರ್ಚಿಯ ಕಾಲು ನೆಲಕ್ಕೆ ಊರಿಕೊಂಡಿದ್ದರಿಂದ ಬೀಳಲಿಲ್ಲ ಅಷ್ಟೇ. ಓಡಿಹೋಗಿ ಹಿಡಿದೆ. ಬಿಡು ಅಂದಳು, ಮತ್ತೆ ಶುರುವಿನಿಂದ ನಡೆದಳು. ಈ ಸಲ ನಾಲ್ಕರ ತನಕ ಬಂದು, ಐದಕ್ಕೆ ಕಲ್ಲಿನ ಮೂಲೆ ಕಾಲಿಗೆ ತಾಗಿ ಮೊಣಕಾಲು ಊರಿ ಕೂತಳು. ಮುಂಗಾಲಿನ ಚರ್ಮ ಕಿತ್ತು ರಕ್ತ ಬಂತು.

ನನಗೆ ಎಲ್ಲಿತ್ತೋ ಸಿಟ್ಟು. ಮೂರು ದಿನದ್ದು, ಎರಡು ತಿಂಗಳದ್ದು, ಎರಡು ವರ್ಷದ್ದು, ಎಲ್ಲ ಸೇರಿ ಆ ಮನುಷ್ಯನ ಮೇಲೆ ಹೋಯಿತು. ಬಾಯಿಗೆ ಬಂದ ಹಾಗೆ ಬೈದೆ. "ಹೊಟ್ಟಂತೆ, ಹೆಜ್ಜೆಯಂತೆ! ಟೇಪು ಹಿಡಿದು ಇಟ್ಟಿದ್ದರೆ ಇದಕ್ಕಿಂತ ನೆಟ್ಟಗಿರ್ತಿತ್ತು. ನಾಳೆ ನಮ್ಮ ತಮ್ಮ ಬಂದು ಇವಳನ್ನ ಕರ್ಕೊಂಡು ಹೋಗ್ತಾನೆ. ಆಮೇಲೆ ನೀವೇ ಬಂದು ಈ ಕಲ್ಲಿನ ಮೇಲೆ ವಾಕಿಂಗ್ ಮಾಡಿ!"

ನಿಧಾನಪ್ಪನ ಮುಖ ಸಣ್ಣಗಾಯಿತು. "ನಲವತ್ತು ವರ್ಷದಿಂದ ಮಾಡ್ತಿದ್ದೀನಿ ಅಮ್ಮ. ಹೆಜ್ಜೆ ಬಿದ್ದ ಕಡೆ ಬಿಟ್ಟು ಬೇರೆ ಕಡೆ ಇಟ್ಟಿಲ್ಲ ನಾನು."

"ಕಾಲು ನೋಡಿ ಹಾಗಾದ್ರೆ!"

ಆತ ಅಕ್ಕನ ಹತ್ತಿರ ಹೋಗಿ ಕೂತ. ಹೊತ್ತು ತೆಗೆದುಕೊಂಡು ಆ ಕಾಲನ್ನ, ಆ ಕಲ್ಲುಗಳನ್ನ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಒಂದು ಸಲ ನೀವು ದಿನಾ ಹೇಗೆ ಕರ್ಕೊಂಡು ಹೋಗ್ತೀರೋ ಹಾಗೆ ಹೋಗಿ ತೋರಿಸಿ," ಅಂದ.

ನಾನು ಅಕ್ಕನ ಕೈ ಹಿಡಿದೆ. ನಡೆದೆವು. ಒಂದು, ಎರಡು, ಮೂರು, ಒಂದೂ ತಪ್ಪಲಿಲ್ಲ. ಪ್ರತಿ ಕಲ್ಲಿನ ನಟ್ಟನಡುವೆ ಅವಳ ಪಾದ. ಇಪ್ಪತ್ತೊಂದಕ್ಕೆ ಸರಿಯಾಗಿ ಶೆಡ್ಡಿನ ಬಾಗಿಲು. ನಾನು ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದೆ.

"ಆ ಬುಧವಾರ ಹೊಟ್ಟಿನ ಮೇಲೆ ಇವರು ಒಬ್ಬರೇ ನಡೆದ್ರಾ?" ಅಂತ ಕೇಳಿದ ನಿಧಾನಪ್ಪ. ಬೈಗುಳ ತಿಂದು ಗೆದ್ದವನ ಗತ್ತು ಒಂದಿಷ್ಟೂ ಇರಲಿಲ್ಲ ಆತನ ದನಿಯಲ್ಲಿ. ಅದೇ ನನಗೆ ಹೆಚ್ಚು ಚುಚ್ಚಿತು.

"ಇಲ್ಲ," ಅಂದೆ. "ನಾನು ಕೈ ಹಿಡಿದಿದ್ದೆ."

"ನಾನೂ ನಿಂತು ನೋಡಬೇಕಿತ್ತು," ಅಂದ ಆತ. "ಮರಳಿಗೆ ಹೋದೆ."

"ನಾನಾದರೂ ಹೇಳಬೇಕಿತ್ತು," ಅಂದಳು ಅಕ್ಕ. "ಕೈ ಹಿಡಿದಿದ್ದಾಳೆ ಅನ್ನೋದೇ ಗೊತ್ತಾಗಲಿಲ್ಲ ನನಗೆ. ಅಷ್ಟು ಅಭ್ಯಾಸ ಆಗಿಹೋಗಿದೆ."

ಮೂರು ಜನ ಕತ್ತೆ ವಯಸ್ಸಿನವರು, ಒಂದು ಸಣ್ಣ ವಿಷಯ ಯಾರ ತಲೆಗೂ ಹೋಗಿರಲಿಲ್ಲ. ನಾನು ಹೊಸಿಲ ಮೇಲೆ ಕುಸಿದು ಕೂತೆ. ಇಪ್ಪತ್ತೊಂದು ಕಲ್ಲನ್ನ ನಾವು ನನ್ನ ಕೈ ಜೊತೆಗಿದ್ದರೆ ಮಾತ್ರ ಸರಿಹೋಗುವ ಹಾಗೆ ನೆಟ್ಟಿದ್ದೆವು. ನಾಳೆ ನಾಲ್ಕು ಗಂಟೆಗೆ ತಮ್ಮ. ಅಳು ಬಂತು, ಅತ್ತೆ. ಮುಚ್ಚಿಡೋಕೆ ಯಾರಿದ್ದರು ಅಲ್ಲಿ.

"ಕಲ್ಲು ನೋಡಿ ನಡೆಯೋರಾಗಿದ್ದರೆ ಹೇಗೋ ಹೊಂದಿಕೊಂಡು ಹೋಗ್ತಿದ್ದರು," ಅಂದ ನಿಧಾನಪ್ಪ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಆಮೇಲೆ, "ಬೆಳಗ್ಗೆ ಆರಕ್ಕೆ ಬರ್ತೀನಿ. ಎಲ್ಲಾ ಕಿತ್ತು ಮತ್ತೆ ಇಡೋಣ," ಅಂದ.

"ಆರಕ್ಕೆ ಅಂದ್ರೆ ಏಳೂವರೆಗಾ?" ಅಂದಳು ಅಕ್ಕ, ರಕ್ತ ಒರೆಸಿಕೊಳ್ಳುತ್ತಾ.

ಐದೂ ಮುಕ್ಕಾಲಿಗೇ ಬಂದಿದ್ದ. ಗೇಟಿನ ಹೊರಗೆ ಮೂಟೆ ಇಟ್ಟುಕೊಂಡು ನಾವು ಏಳಲಿ ಅಂತ ಕಾಯುತ್ತಿದ್ದ. ನಾನು ಮುಖಕ್ಕೆ ನೀರು ಹಾಕಿಕೊಂಡು ಬಂದು, ನಿನ್ನೆ ಬೈದಿದ್ದಕ್ಕೆ ತಪ್ಪಾಯಿತು ಅಂದೆ. "ಬೈದ್ರೆ ಏನಾಯ್ತು ಬಿಡಿ, ಮನೆಯಲ್ಲಿ ನನ್ನ ಹೆಂಡತಿ ಇದಕ್ಕಿಂತ ಚೆನ್ನಾಗಿ ಬೈತಾಳೆ," ಅಂದ.

ಮೊದಲು ಇಪ್ಪತ್ತೊಂದು ಕಲ್ಲನ್ನೂ ಎತ್ತಿ ಹುಲ್ಲಿನ ಮೇಲೆ ಒರಗಿಸಿದೆವು. ಗುಂಡಿ ಮುಚ್ಚಿ, ಗುದ್ದಿ, ಮೇಲೆ ಮತ್ತೆ ಹೊಟ್ಟು ಹರಡಿದೆವು. ಈ ಸಲ ನಿಧಾನಪ್ಪ ಎಲ್ಲಿಗೂ ಹೋಗಲಿಲ್ಲ. ರಸಮಟ್ಟ ತಂದು ನನ್ನ ಎರಡೂ ಕೈಗೆ ಕೊಟ್ಟ. "ಗುಳ್ಳೆ ಮಧ್ಯ ಇರೋ ಹಾಗೆ ಹಿಡ್ಕೊಂಡು ಇಲ್ಲೇ ನಿಂತಿರಿ. ಅಲ್ಲಾಡಿಸಬೇಡಿ," ಅಂದ. ನಾನು ಪೆದ್ದಿ, ಅದೂ ಒಂದು ಕೆಲಸ ಅಂತಲೇ ನಂಬಿ ಗುಳ್ಳೆ ನೋಡುತ್ತಾ ನಿಂತೆ. ನನ್ನ ಕೈ ಖಾಲಿ ಇರಬಾರದು ಅಂತ ಕೊಟ್ಟಿದ್ದು ಅಂತ ಆಮೇಲೆ ಹೊಳೆಯಿತು.

ಅಕ್ಕ ಒಬ್ಬಳೇ ಹೊರಟಳು. ಮೊದಲನೇ ಸಲ ಹೆದರಿಕೊಂಡೇ ನಡೆದಳು, ಕಾಲು ಎಳೆದುಕೊಂಡು, ಅರ್ಧರ್ಧ ಹೆಜ್ಜೆ. ಲೆಕ್ಕಕ್ಕಿಲ್ಲ ಅಂತ ನಿಧಾನಪ್ಪ ಹೊಟ್ಟು ಸವರಿಬಿಟ್ಟ. ಎರಡನೇ ಸಲ ಮಧ್ಯದಲ್ಲಿ ವಾಲಿದಳು. ರಸಮಟ್ಟದ ಗುಳ್ಳೆ ಒಂದು ತುದಿಗೆ ಓಡಿತು. "ಅಮ್ಮಾ, ಗುಳ್ಳೆ," ಅಂದ ಆತ ನನ್ನ ಕಡೆ ನೋಡದೆ. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಹೋಗಿ ಹಿಡಿಯದೆ ನಿಲ್ಲುವುದು ಲಾಂಡ್ರಿಯಲ್ಲಿ ಹತ್ತು ಗಂಟೆ ನಿಂತದ್ದಕ್ಕಿಂತ ಕಷ್ಟ ಆಯಿತು ನನಗೆ.

ನಾಲ್ಕನೇ ಸಲಕ್ಕೆ ಅವಳಿಗೇ ಬೇಸರ ಬಂತೇನೋ, ಹೆದರಿಕೆ ಮರೆತು, ರೇಡಿಯೋ ಕಡೆ ಮುಖ ಮಾಡಿ ಸರಸರ ಅಂತ ನಡೆದುಹೋದಳು. ಬೆನ್ನು ನೆಟ್ಟಗೆ, ಕೈ ಬೀಸಿಕೊಂಡು. ಹಾಗೆ ನಡೆಯುವ ಅಕ್ಕನನ್ನ ನಾನು ಎಷ್ಟು ದಿನದಿಂದ ನೋಡಿರಲಿಲ್ಲ. ಚಿಕ್ಕವರಿದ್ದಾಗ ಅವಳ ಜೊತೆ ಹೋಗೋಕೆ ನಾನು ಓಡಬೇಕಾಗುತ್ತಿತ್ತು.

"ಇದು," ಅಂದ ನಿಧಾನಪ್ಪ. ಬಗ್ಗಿ ಹೆಜ್ಜೆಗಳನ್ನ ಎಣಿಸುತ್ತಾ ಹೋದ. ತುದಿಯಲ್ಲಿ ನಿಂತು, "ಹದಿನೆಂಟು," ಅಂದ. "ಹೆಜ್ಜೆ ಹೆಜ್ಜೆಗೂ ನಾಲ್ಕು ಬೆರಳು ಹೆಚ್ಚು. ಮೂರು ಕಲ್ಲು ಉಳೀತು."

ನನಗೆ ಅರ್ಥ ಆಗಲಿಲ್ಲ. "ಹೇಗೆ ಸಾಧ್ಯ? ಅವಳಿಗೋಸ್ಕರ ನಿಧಾನ ಮಾಡ್ಕೊಂಡು ಹೋಗ್ತಿದ್ದವಳು ನಾನು. ಅವಳಿಗೆ ಕಾಣಲ್ಲ ಅಂತ ಹೆಜ್ಜೆ ಸಣ್ಣದು ಮಾಡ್ಕೊಂಡವಳು ನಾನು."

ಶೆಡ್ಡಿನ ಬಾಗಿಲಲ್ಲಿ ಅಕ್ಕ ಸೆರಗಿನಂತೆ ಹೆಗಲ ಮೇಲೆ ಬಿದ್ದಿದ್ದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಳು.

"ನಿನ್ನ ಎಡಮಂಡಿ ಕಣೇ," ಅಂದಳು. "ಆ ಕಾಲು ಊರಿದಾಗಲೆಲ್ಲ ನಿನ್ನ ಕೈ ನನ್ನ ಕೈಮೇಲೆ ಭಾರ ಬೀಳುತ್ತೆ. ಎರಡು ವರ್ಷದಿಂದ. ದೊಡ್ಡ ಹೆಜ್ಜೆ ಹಾಕಿದರೆ ನಿನಗೆ ನೋಯುತ್ತೆ ಅಂತ ನಾನು ಚಿಕ್ಕದು ಹಾಕ್ತಿದ್ದೆ. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ."

ದಿನಕ್ಕೆ ನಾಲ್ಕು ಸಲ ನಾನು ಅವಳನ್ನ ನಡೆಸುತ್ತಿದ್ದೀನಿ ಅಂದುಕೊಂಡಿದ್ದೆ. ಅದನ್ನ ಅಂದು ಆಡಿ, ಗೊಣಗಿ, ಅವಳ ಎದುರೇ ಉಸ್ಸಪ್ಪಾ ಅಂತ ಉಸಿರುಬಿಟ್ಟು, ಏನೇನು ಆಟ ಆಡಿದ್ದೆ. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸಿಟ್ಟೂ ಬಂತು, ಹೇಳಬಾರದಿತ್ತಾ ಮಹಾರಾಯ್ತಿ ಅಂತ. ಜಗಳ ಆಡೋಕೆ ಹೊತ್ತಿರಲಿಲ್ಲ. ಏಳು ಗಂಟೆಯಾಗಿತ್ತು, ಹದಿನೆಂಟು ಕಲ್ಲು ಮತ್ತೆ ಕೂರಬೇಕಿತ್ತು.

ಆ ದಿನ ನಿಧಾನಪ್ಪ ನಿಧಾನವಾಗಿರಲಿಲ್ಲ. ಮಣ್ಣು ಸಡಿಲ ಇದ್ದದ್ದರಿಂದ ತೋಡುವುದು ಸುಲಭ ಆಯಿತು, ಗುದ್ದುವುದು ಮಾತ್ರ ಎರಡರಷ್ಟು. ಆತ ತೋಡಿ ಗುದ್ದಿದ, ನಾನು ಬಕೆಟ್ಟಿನಲ್ಲಿ ಮರಳು ಹೊತ್ತೆ, ಅಕ್ಕ ಕಲ್ಲಿನ ತಳ ಸವರಿ ಅಂಟಿದ ಮಣ್ಣು ಕೆರೆದು ಕೊಟ್ಟಳು. ಮಧ್ಯಾಹ್ನ ನಿಂತುಕೊಂಡೇ ಬ್ರೆಡ್ಡು ತಿಂದೆವು. ಹನ್ನೊಂದನೇ ಕಲ್ಲಿನ ಹೊತ್ತಿಗೆ ನಾನು ಅರ್ಧ ಬಕೆಟ್ಟು ಮಾತ್ರ ತುಂಬೋಕೆ ಶುರುಮಾಡಿದೆ. ಹದಿನಾಲ್ಕಕ್ಕೆ ಮಂಡಿ ಮಡಿಸೋಕೇ ಆಗಲಿಲ್ಲ. ನೆಲದ ಮೇಲೆ ಕೂತು ಬಕೆಟ್ಟನ್ನ ಎಳೆದುಕೊಂಡು ಹೋದೆ. ಇಷ್ಟು ಸುಸ್ತು ನನಗೆ ಜನ್ಮದಲ್ಲಿ ಆಗಿರಲಿಲ್ಲ. ಒಂದು ಸಲ ಮರಳಿನ ರಾಶಿಯ ಮೇಲೆ ಕೂತು, ಯಾಕೆ ಎದ್ದುಬಂದೆ ಅಂತಲೇ ಮರೆತುಹೋಗಿ ಸುಮ್ಮನೆ ಕೂತಿದ್ದೆ. ಅಕ್ಕ ಕೂಗಿ ಎಬ್ಬಿಸಿದಳು.

ಹದಿನೆಂಟನೇ ಕಲ್ಲಿನ ಮೇಲೆ ರಸಮಟ್ಟ ಇಟ್ಟಾಗ ಮೂರೂ ನಲವತ್ತು. ತಮ್ಮನ ಕಾರು ಬಂದಾಗ ಮೂರೂ ಐವತ್ತು. ಅವನು ಯಾವಾಗಲೂ ಹತ್ತು ನಿಮಿಷ ಮುಂಚೆ. ಕಾರಿನ ಹಿಂದಿನ ಸೀಟು ಖಾಲಿ ಮಾಡಿಸಿಕೊಂಡೇ ಬಂದಿದ್ದ, ಅಕ್ಕನ ಸಾಮಾನಿಗೆ ಅಂತ. ನಮ್ಮ ಮೂರು ಜನರ ಕೆಸರು ಮೆತ್ತಿದ ಅವತಾರ ನೋಡಿ, "ಇದೇನು ಚಿಕ್ಕಕ್ಕ, ಗದ್ದೆ ನಾಟಿ ಮಾಡಿದ್ರಾ?" ಅಂದ.

"ಮಾತು ಸಾಕು, ಇಲ್ಲಿ ನಿಂತ್ಕೋ," ಅಂದೆ.

ಅಕ್ಕ ಕೈಕಾಲು ತೊಳೆದುಕೊಂಡು ಬಂದಳು. ಪರೀಕ್ಷೆಗೆ ಅಂತ ಮುಂಚೆ ಒಂದು ಸಲ ನಡೆದು ನೋಡೋಕೂ ಹೊತ್ತು ಸಿಕ್ಕಿರಲಿಲ್ಲ. ಕೈಯಿರುವ ದೊಡ್ಡ ಕುರ್ಚಿಯನ್ನೇ ಎತ್ತಿಕೊಂಡಳು, ಸಣ್ಣದು ಇತ್ತು, ಬೇಡ ಅಂದಳು. ಹಿಂಬಾಗಿಲಲ್ಲಿ ನಿಂತು ಒಂದು ಸಲ ಉಸಿರು ಎಳೆದುಕೊಂಡು ಹೆಜ್ಜೆ ಹಾಕಿದಳು.

ಒಂದು, ಎರಡು, ಮೂರು. ಮೂರಕ್ಕೆ ನಾನು ಕಣ್ಣು ಮುಚ್ಚಿಬಿಟ್ಟೆ. ಬೀಳುವ ಸದ್ದು ಬರಲಿಲ್ಲ. ಕಣ್ಣು ತೆರೆದರೆ ಅವಳು ಏಳರ ಮೇಲಿದ್ದಳು. ಎಂಟರಲ್ಲಿ ಕುರ್ಚಿ ಒಂದು ಕಡೆ ವಾಲಿತು, ಸರಿಮಾಡಿಕೊಳ್ಳೋಕೆ ನಿಂತಳು. ತಮ್ಮ "ದೊಡ್ಡಕ್ಕಾ" ಅಂತ ಹಾರಿ ಹೊರಟ. ನಾನು ಅವನ ಅಂಗಿಯ ತೋಳು ಹಿಡಿದು ಎಳೆದೆ. "ಮುಟ್ಟಿದೆಯೋ, ನೋಡು!" ಅಂದೆ. ಎಷ್ಟು ಜೋರಾಗಿ ಎಳೆದೆನೆಂದರೆ ಒಂದು ಗುಂಡಿ ಕಿತ್ತು ಬಂತು. ಅಕ್ಕ ಕುರ್ಚಿ ಸರಿಮಾಡಿಕೊಂಡು ನಡೆದಳು. ಒಂಬತ್ತು, ಹತ್ತು. ಒಂದೊಂದೂ ಕಲ್ಲಿನ ನಡುವೆ, ಲೆಕ್ಕ ತಪ್ಪದ ಹಾಗೆ. ಹದಿನೆಂಟಕ್ಕೆ ಕುರ್ಚಿಯ ಬೆನ್ನು ಶೆಡ್ಡಿನ ಬಾಗಿಲಿಗೆ ಟಕ್ ಅಂತ ತಾಗಿತು. ಒಳಗಿಟ್ಟು ಬಂದು, ಬರಿಗೈಯಲ್ಲಿ, ಯಾವ ಅವಸರವೂ ಇಲ್ಲದೆ, ಅದೇ ಹದಿನೆಂಟು ಕಲ್ಲು ಎಣಿಸಿಕೊಂಡು ವಾಪಸ್ ಬಂದಳು.

ತಮ್ಮ ಕಣ್ಣು ಒರೆಸಿಕೊಂಡ. ನನಗೆ ಒರೆಸಿಕೊಳ್ಳೋಕೆ ಕೈ ಎತ್ತುವ ಶಕ್ತಿಯೂ ಇರಲಿಲ್ಲ. ನಿಧಾನಪ್ಪ ತನ್ನ ಸಾಮಾನು ಕಟ್ಟಿಕೊಳ್ಳುತ್ತಾ, ಯಾರೂ ಕೇಳದಿದ್ದರೂ, "ಹೆಜ್ಜೆ ಬಿದ್ದ ಕಡೆಯೇ ಇಟ್ಟಿದ್ದು," ಅಂದ.

"ಸೋತೆ ಬಿಡು ದೊಡ್ಡಕ್ಕ," ಅಂದ ತಮ್ಮ. "ಇನ್ನು ಆ ಮಾತು ಎತ್ತಲ್ಲ. ನಿನ್ನ ಶೆಡ್ಡು ನಿನಗೆ."

"ಆ ಕೋಣೆ ಸಿದ್ಧ ಮಾಡಿದೀಯಾ?" ಅಂತ ಕೇಳಿದಳು ಅಕ್ಕ.

"ಮಾಡಿದ್ದೆ. ಹಾಸಿಗೆ ಎಲ್ಲ ಹಾಕಿಸಿದ್ದೆ. ಹೋಗಲಿ ಬಿಡು."

"ಯಾಕೆ ಹೋಗಲಿ? ಇವಳನ್ನ ಕರ್ಕೊಂಡು ಹೋಗು."

ನಾನು ತಲೆಯೆತ್ತಿದೆ. ತಮ್ಮನಿಗೂ ಅರ್ಥ ಆಗಲಿಲ್ಲ.

"ಇವಳನ್ನ ಕಣೋ. ಮಲಗಿಸು. ಆ ಮಂಡಿ ಯಾರಿಗಾದರೂ ತೋರಿಸು. ಲಾಂಡ್ರಿಯವಳ ಹತ್ತಿರ ನಾನು ಗುರುವಾರವೇ ಮಾತಾಡಿದೀನಿ. ನಾಲ್ಕು ವರ್ಷದಿಂದ ಒಂದು ರಜೆ ತಗೊಂಡಿಲ್ಲ, ತಗೊಳ್ಳಲಿ ಅಂದಳು ಪುಣ್ಯಾತ್ಗಿತ್ತಿ."

"ಗುರುವಾರ?" ಅಂದೆ. "ಆಗ ಇನ್ನೂ ಐದು ಕಲ್ಲು ಕೂಡ ಕೂತಿರಲಿಲ್ಲ. ನೀನು ಒಬ್ಬಳೇ ಹೇಗೆ..."

"ಮತ್ತೆ ಕಲ್ಲು ಯಾಕೆ ಹಾಕಿಸಿದೆ ಅಂದ್ಕೊಂಡೆ ನೀನು?" ಅಂದಳು ಅಕ್ಕ. ದನಿ ಎತ್ತರಿಸಲಿಲ್ಲ. "ಶೆಡ್ಡಿಗೆ ಹೋಗೋಕೆ ನನಗೆ ನೀನಿದ್ದೆ. ನಿನಗೆ ಎಲ್ಲಿಗಾದರೂ ಹೋಗೋಕೆ ಯಾರಿದ್ದರು?"

ಶೆಡ್ಡಿನಲ್ಲಿ ರೇಡಿಯೋ ಹವಾಮಾನ ಹೇಳುತ್ತಿತ್ತು. ಹೇಳಬೇಕಾಗಿದ್ದು ಬೇಕಾದಷ್ಟಿತ್ತು ನನಗೆ. ನೀನು ಬಿದ್ದರೆ, ಒಲೆ ಆರಿಸೋದು ಮರೆತರೆ, ಯಾರಾದರೂ ಗೇಟು ತೆಗೆದಿಟ್ಟು ಹೋದರೆ, ನಾನಿಲ್ಲದೆ ನಿನ್ನ ಗತಿ ಏನು. ಒಂದೊಂದೂ ನಾಲಿಗೆಯ ತುದಿಯಲ್ಲೇ ಇತ್ತು. ಖಂಡಿತ ಆಗಲ್ಲ, ಎಲ್ಲಿಗೂ ಬರಲ್ಲ ಅಂತ ಹೇಳೋಕೆ ಬಾಯಿ ತೆರೆದೆ.

"ಎಷ್ಟು ದಿನ?" ಅಂತ ಕೇಳಿದೆ.